ನಡುವಯಸ್ಸಿನ ಕಾರು

ಬೇರೆ ದೇಶಕ್ಕೆ ಸಂಸಾರ ಎತ್ತುವಾಗ ಸೋಫಾ, ಫ್ರಿಜ್ಜು, ಮಂಚಗಳ ವಿಲೇವಾರಿ ಒಂದೆರಡು ಸಂಜೆಗಳಲ್ಲಿ ಮುಗಿಯುತ್ತದೆ. ಕಾರಿನ ಹೆಸರಿನ ಮುಂದೆ ಮಾತ್ರ ವಾರಗಟ್ಟಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಕೂತೇ ಇರುತ್ತದೆ. ಮಾರಿಯೇಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿ ಕೀಲಿ ತಿರುಗಿಸಿದರೆ, ಚಳಿಗಾಲದಲ್ಲೆಲ್ಲ ಗೊಣಗುತ್ತಿದ್ದ ಎಂಜಿನ್ ಅವತ್ತು ಮಾತ್ರ ಒಂದೇ ಸಲಕ್ಕೆ ಎದ್ದು ಕೂರುತ್ತದೆ. ಮಾರಾಟದ ಸುದ್ದಿ ಕಿವಿಗೆ ಬಿದ್ದರೆ ಕಾರುಗಳ ನಡತೆ ತಾನಾಗಿ ಸುಧಾರಿಸುತ್ತದೆ.

ಹೆತ್ತವರಿಗೆ ಹೆಗ್ಗಣ ಮುದ್ದು. ಕಸ್ಟಮ್ಸ್‌ನವರೇನು ಹೆತ್ತವರೇ? ಅವರು ಮೊದಲು ಕೇಳುವುದು ಕಾರಿನ ವಯಸ್ಸು. ದೇಶದೇಶಗಳ ಆಮದು ನಿಯಮಗಳನ್ನು ಓದುತ್ತ ಹೋದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ: ಸರ್ಕಾರಗಳಿಗೆ ಹಸುಗೂಸು ಕಾರು ಆಗುತ್ತದೆ, ಮುದಿ ಕಾರೂ ಆಗುತ್ತದೆ, ನಡುವಯಸ್ಸಿನದ್ದು ಮಾತ್ರ ಕಂಡರಾಗದು. ಸಿಂಗಪುರಕ್ಕೆ ಬಳಸಿದ ಕಾರು ಒಯ್ಯುವುದಾದರೆ ಅದಕ್ಕೆ 3 ವರ್ಷ ತುಂಬಿರಬಾರದು. ಭಾರತವೂ 3 ವರ್ಷ ದಾಟಿದ್ದನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಸ್ಟೀರಿಂಗ್ ಬಲಕ್ಕಿರಬೇಕೆಂಬ ಷರತ್ತು ಬೇರೆ. ಇನ್ನು ಅಮೆರಿಕ. ಅಲ್ಲಿನ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ತಯಾರಾಗದ ಕಾರು ಸಲೀಸಾಗಿ ಒಳಗೆ ಹೋಗಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. ಹೊಗೆಯ ನಿಯಮದಿಂದ ಬಿಡುಗಡೆಗೆ 21 ವರ್ಷ ಸಾಕು, ಎಂಜಿನ್ ಮೂಲದ್ದೇ ಇರಬೇಕು ಅಷ್ಟೆ. ಪಕ್ಕದ ಕೆನಡಾಗೆ 15 ವರ್ಷ. ಆದರೆ ಕಾರಿನ ಮೇಲೆ ಪ್ರೀತಿ ಹುಟ್ಟುವುದು ಎಂಟೋ ಹತ್ತೋ ವರ್ಷ ಓಡಿಸಿದ ಮೇಲೆ. ಅಷ್ಟರಲ್ಲಿ ಎಳೆತನದ ಬಾಗಿಲು ಮುಚ್ಚಿರುತ್ತದೆ, ಮುಪ್ಪಿನ ಬಾಗಿಲು ತೆರೆಯಲು ಇನ್ನೂ ಹದಿನೈದು ವರ್ಷ ಕಾಯಬೇಕು.

ಹಾಗಾಗಿ ಹಡಗಿನ ಬಾಡಿಗೆ ವಿಚಾರಿಸುವ ಮೊದಲು ಚಾಲಕನ ಬಾಗಿಲು ತೆಗೆದು, ಬಾಗಿಲಿನ ಚೌಕಟ್ಟಿನ ಮೇಲಿರುವ ಚೀಟಿಯನ್ನು ಓದಿಕೊಳ್ಳುವುದು ಒಳ್ಳೆಯದು. ತಯಾರಾದ ತಿಂಗಳು, ಚಾಸಿ ಸಂಖ್ಯೆ, ಯಾವ ದೇಶದ ಮಾನದಂಡಕ್ಕೆ ಹೊಂದುತ್ತದೆ ಎಂಬುದು ಬಹಳಷ್ಟು ಕಾರುಗಳಲ್ಲಿ ಅಲ್ಲೇ ಸಿಗುತ್ತದೆ. ಅಮೆರಿಕದ ಮಾನದಂಡಕ್ಕೆ ಹೊಂದುತ್ತದೆ ಎಂದು ತಯಾರಕರ ಒಕ್ಕಣೆ ಅಲ್ಲಿದ್ದರೆ 25 ವರ್ಷದ ಮಾತೇ ಬರುವುದಿಲ್ಲ. ಯುರೋಪಿಗೆ ಹೋಗುವುದಾದರೆ ಕಾರು ಅಲ್ಲಿನ ಮಾದರಿ ಅನುಮೋದನೆಗೆ ಹೊಂದುತ್ತದೆ ಎಂಬ ಪ್ರಮಾಣಪತ್ರವನ್ನು ತಯಾರಕರಿಂದಲೇ ತರಿಸಬೇಕು. ಅದು ಸಿಕ್ಕರೆ ಅರ್ಧ ಕೆಲಸ ಆದಂತೆ. ಸಿಗದಿದ್ದರೆ ಒಂದೊಂದು ಕಾರನ್ನೂ ಬಿಡಿಯಾಗಿ ಪರೀಕ್ಷೆಗೆ ಒಡ್ಡುವ ದಾರಿ. ದೀಪ, ಬ್ರೇಕ್, ಸೀಟ್ ಬೆಲ್ಟಿನ ಕೊಂಡಿ, ಗಾಜಿನ ಮೇಲಿನ ಗುರುತು, ಒಂದನ್ನೂ ಬಿಡದೆ ನೋಡುತ್ತಾರೆ.

ವಾಸ ಬದಲಾಯಿಸುವವರಿಗೆ ಕೆಲವು ದೇಶಗಳು ರಿಯಾಯಿತಿ ಕೊಡುತ್ತವೆ. ಬ್ರಿಟನ್ನಿನಲ್ಲಿ, 12 ತಿಂಗಳು ಹೊರಗೆ ವಾಸವಿದ್ದು ಕಾರನ್ನು ಕನಿಷ್ಠ 6 ತಿಂಗಳು ಸ್ವಂತಕ್ಕೆ ಬಳಸಿದವರಿಗೆ ಸುಂಕವೂ ವ್ಯಾಟೂ ಮಾಫಿ. ಬಂದ ಮೇಲೆ 12 ತಿಂಗಳು ಅದನ್ನು ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಕಾರಿನ ಮೇಲಿನ ಪ್ರೀತಿಗೆ ರಸೀದಿ ಕೇಳುವ ಇಲಾಖೆ ಬಹುಶಃ ಇದೊಂದೇ. ಆಸ್ಟ್ರೇಲಿಯಾದಲ್ಲಿ ಆಮದು ಅನುಮತಿ ಕೈಗೆ ಬಂದ ಮೇಲೇ ಕಾರನ್ನು ಹಡಗಿಗೆ ಹತ್ತಿಸಬೇಕು. ಹಡಗು ತಲುಪುವಷ್ಟರಲ್ಲಿ ಕಾಗದ ಬಂದೀತು ಎಂದು ಮೊದಲೇ ಕಳಿಸಿದವರ ಕಾರು ಬಂದರಿನಲ್ಲಿ ಕೂರುತ್ತದೆ, ಕೂತ ಪ್ರತಿ ದಿನಕ್ಕೂ ಬಾಡಿಗೆ ಏರುತ್ತದೆ. ಈ ವ್ಯವಹಾರದಲ್ಲಿ ಜನ ಕೈ ಸುಟ್ಟುಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಮೂಗಿಗಿಂತ ಮೂಗುತಿ ಭಾರವಾಗುವುದೂ ಹೀಗೆಯೇ. ಸಾಗಣೆಯವರು ಹೇಳುವ ದರ ಸಾಮಾನ್ಯವಾಗಿ ಬಂದರಿನಿಂದ ಬಂದರಿಗೆ ಮಾತ್ರ. ಎರಡೂ ತುದಿಯ ಲಾರಿ, ಬಂದರಿನ ನಿರ್ವಹಣಾ ಶುಲ್ಕ, ಕಸ್ಟಮ್ಸ್ ಏಜೆಂಟ್, ವಿಮೆ, ತಪಾಸಣೆ, ಮಾರ್ಪಾಡು, ನೋಂದಣಿ, ಇವೆಲ್ಲ ಅದರ ಹೊರಗೆ. ಸುಂಕವನ್ನು ಅನೇಕ ದೇಶಗಳು ಕಾರಿನ ಬೆಲೆಗೆ ಸಾಗಣೆ ವೆಚ್ಚ, ವಿಮೆ ಎರಡನ್ನೂ ಕೂಡಿಸಿ ಆ ಮೊತ್ತದ ಮೇಲೆ ಹಾಕುತ್ತವೆ. ಅಂದರೆ ಹಡಗಿಗೆ ಕೊಟ್ಟ ದುಡ್ಡಿಗೂ ತೆರಿಗೆ. ಎಲ್ಲ ಕೂಡಿಸಿದ ಲೆಕ್ಕ, ಹೋಗುವ ಊರಿನಲ್ಲಿ ಅದೇ ಮಾದರಿಯ ಹಳೇ ಕಾರಿಗಿರುವ ಬೆಲೆಯ ಅರ್ಧ ದಾಟಿದರೆ, ಮುಂದಿನದೆಲ್ಲ ಮನಸ್ಸಿನ ಸಮಾಧಾನಕ್ಕೆ ಮಾಡುವ ಖರ್ಚು. ಮಾಡಬಾರದೆಂದಲ್ಲ, ಹಾಗೆಂದು ಗೊತ್ತಿದ್ದು ಮಾಡಬೇಕು.

ಸಮುದ್ರದ ದಾರಿಗಳು ಎರಡು. ಮೊದಲನೆಯದು ರೋರೋ ಹಡಗು: ಬಂದರಿನ ಚಾಲಕರು ಕಾರನ್ನು ನೇರ ಹಡಗಿನ ಹೊಟ್ಟೆಗೆ ಓಡಿಸಿ ನಿಲ್ಲಿಸುತ್ತಾರೆ. ಅಗ್ಗ. ಆದರೆ ಕೀಲಿ ಅವರ ಕೈಯಲ್ಲಿರುತ್ತದೆ, ಒಳಗೆ ಸಾಮಾನು ತುಂಬುವಂತಿಲ್ಲ, ಕಾರು ತಾನಾಗಿ ಓಡುವ ಸ್ಥಿತಿಯಲ್ಲಿರಬೇಕು. ಎರಡನೆಯದು ಕಂಟೇನರ್.

ಕಂಟೇನರಿಗೆ ಕಾರು ಹೊಗಿಸುವುದು ನೋಡುವಂಥ ಕೆಲಸ. ಇಪ್ಪತ್ತು ಅಡಿಯ ಪೆಟ್ಟಿಗೆಯ ಒಳಗಿನ ಅಗಲ ಸುಮಾರು 2.35 ಮೀಟರ್, ಉದ್ದ 5.9 ಮೀಟರ್. ಕಾರಿನ ಮೈ 1.8 ಮೀಟರ್ ಎಂದುಕೊಂಡರೆ ಎರಡೂ ಬದಿ ಸೇರಿ ಉಳಿಯುವುದು 55 ಸೆಂಟಿಮೀಟರ್. ಕನ್ನಡಿ ಮಡಚಿ, ಚಕ್ರ ನೇರ ಮಾಡಿ, ಆಮೆಯ ವೇಗದಲ್ಲಿ ಒಳಗೆ ಬಂದು, ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದ ಮೇಲೆ ಚಾಲಕನಿಗೆ ಬಾಗಿಲು ತೆರೆಯಲು ಜಾಗವಿಲ್ಲವೆಂಬುದು ಅರಿವಾಗುತ್ತದೆ. ಅನುಭವಸ್ಥ ಮೊದಲೇ ಗಾಜು ಇಳಿಸಿಕೊಂಡಿರುತ್ತಾನೆ. ಹೊಟ್ಟೆ ಒಳಗೆಳೆದುಕೊಂಡು ಕಿಟಕಿಯಿಂದ ಹೊರಬರುತ್ತಾನೆ. ಆಮೇಲೆ ಗಾಜು ಏರಿಸಿ, ನಂತರವೇ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಈ ಕ್ರಮ ತಪ್ಪಿದರೆ ಗಾಜು ಇಳಿದೇ ಉಳಿದು ಸೀಟಿಗೆ ಇಡೀ ಪಯಣದ ಉಪ್ಪುಗಾಳಿ. ಬ್ಯಾಟರಿ ಡಿಕ್ಕಿಯಲ್ಲಿದ್ದು, ಡಿಕ್ಕಿ ತೆರೆಯುವುದೂ ವಿದ್ಯುತ್ತಿನಿಂದಲೇ ಆದರೆ ಇನ್ನೊಂದು ತಮಾಷೆ: ತಂತಿ ಬಿಚ್ಚಿ ಡಿಕ್ಕಿ ಮುಚ್ಚಿದರೆ ಆ ಕಡೆ ಯಾರೂ ಅದನ್ನು ತೆರೆಯಲಾರರು. ಕೈಯಿಂದ ತೆರೆಯುವ ದಾರಿ ಎಲ್ಲಿದೆ ಎಂದು ಮೊದಲೇ ಹುಡುಕಿಡಬೇಕು.

ಚಕ್ರಗಳ ಹಿಂದೆ ಮುಂದೆ ಮರದ ದಿಮ್ಮಿ ಇಟ್ಟು ನೆಲದ ಹಲಗೆಗೆ ಮೊಳೆ ಹೊಡೆಯುತ್ತಾರೆ. ಬಿಗಿಯುವ ಪಟ್ಟಿ ಚಕ್ರಕ್ಕೆ ಬೀಳಬೇಕು. ಕಾರಿನ ಮೈಗೆ ಕಟ್ಟಿದ ಪಟ್ಟಿ, ಹಡಗು ತೂಗಿದಾಗಲೆಲ್ಲ ಸಸ್ಪೆನ್ಷನ್ ಕುಗ್ಗಿ ಸಡಿಲವಾಗುತ್ತದೆ, ಮರುಕ್ಷಣ ಜಗ್ಗುತ್ತದೆ. ಚಕ್ರ ಮಾತ್ರ ನೆಲಕ್ಕೇ ಕೂತಿರುತ್ತದೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇಂಧನ. ಹೊದಿಕೆ ಹಾಕದಿರುವುದೇ ಲೇಸು: ರಾತ್ರಿ ಉಕ್ಕಿನ ಚಾವಣಿ ತಣಿದು ಒಳಗಿನ ತೇವ ಹನಿಯಾಗಿ ಉದುರುತ್ತದೆ, ಪ್ಲಾಸ್ಟಿಕ್ ಹೊದಿಕೆ ಆ ನೀರನ್ನು ಹಿಡಿದಿಟ್ಟು ಬಣ್ಣಕ್ಕೆ ಉಜ್ಜುತ್ತಲೇ ಇರುತ್ತದೆ. ತೇವ ಹೀರುವ ಚೀಲಗಳನ್ನು ನೇತುಹಾಕಿದರೆ ಸಾಕು.

ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೊರಟ ಕಾರಿಗೆ ಮದುವೆಯ ಹಿಂದಿನ ದಿನದ ಸ್ನಾನ. ಹೊರಗಿನ ಕೀಟ, ಬೀಜ ಅಲ್ಲಿನ ನೆಲ ಸೇರಬಾರದೆಂಬ ಕಟ್ಟುನಿಟ್ಟು, ಹಾಗಾಗಿ ಮೇಲೆ ಫಳಫಳ ಹೊಳೆದರೆ ಪ್ರಯೋಜನವಿಲ್ಲ. ಮುಂದಿನ ಗಾಜಿನ ಬುಡದ ಜಾಲರಿಯಡಿ ಸೇರಿದ ಒಣ ಎಲೆ, ರೇಡಿಯೇಟರಿನ ಸಂದಿಯ ಕೀಟ, ಚಕ್ರದ ಗೂಡಿನ ಮಣ್ಣು, ಸ್ಟೆಪ್ನಿ ಕೂರುವ ಗುಂಡಿಯ ಬೀಜ, ಎಲ್ಲ ಹೋಗಬೇಕು. ಹಳೇ ಕಾರಿನ ಬ್ರೇಕ್, ಕ್ಲಚ್, ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಅದನ್ನು ಆಸ್ಟ್ರೇಲಿಯಾ 2003ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಿದೆ. ಅಂದರೆ ಮುಪ್ಪಿನ ಬಾಗಿಲಿಗೂ ಅಲ್ಲೊಂದು ಚಿಲಕವಿದೆ.

ವಿಮೆಯ ಬಗ್ಗೆ ಉದಾಸೀನ ಬೇಡ. 2019ರಲ್ಲಿ ಗೋಲ್ಡನ್ ರೇ ಎಂಬ ಹಡಗು ಅಮೆರಿಕದ ಜಾರ್ಜಿಯಾ ಕರಾವಳಿಯಲ್ಲಿ ಸುಮಾರು 4,200 ವಾಹನಗಳ ಸಮೇತ ಮಗುಚಿತು. 2022ರ ಫೆಬ್ರವರಿಯಲ್ಲಿ ಫೆಲಿಸಿಟಿ ಏಸ್ ಸುಮಾರು 4,000 ಕಾರುಗಳೊಂದಿಗೆ ಅಝೋರ್ಸ್ ಬಳಿ ಹೊತ್ತಿ ಉರಿದು ಮಾರ್ಚ್ 1ರಂದು ಮುಳುಗಿತು. ಪೂರ್ಣ ನಷ್ಟಕ್ಕೆ ಮಾತ್ರ ಅನ್ವಯವಾಗುವ ಅಗ್ಗದ ಪಾಲಿಸಿ ಇಂಥ ದಿನಕ್ಕೆ ಸರಿ, ಗೀರಿಗೆ ತಗ್ಗಿಗೆ ಅಲ್ಲ. ಇನ್ನೊಂದು ಹಳೆಯ ಕಡಲ ನಿಯಮವೂ ಇದೆ: ಹಡಗು ಉಳಿಸಲು ಒಬ್ಬರ ಸರಕು ಬಲಿಕೊಟ್ಟರೆ ಆ ನಷ್ಟವನ್ನು ಉಳಿದ ಸರಕಿನವರೆಲ್ಲ ಹಂಚಿಕೊಳ್ಳಬೇಕು. ನಿಮ್ಮ ಕಾರಿಗೆ ಒಂದು ಗೀರೂ ಬಿದ್ದಿರುವುದಿಲ್ಲ, ಆದರೂ ಪಾಲು ಕೊಡುವ ಖಾತರಿ ಸಿಗುವವರೆಗೆ ಅದು ನಿಮ್ಮ ಕೈಗೆ ಬರುವುದಿಲ್ಲ. ವಿಮೆ ಇದ್ದರೆ ಆ ತಲೆನೋವು ಕಂಪನಿಯದು.

ಇಷ್ಟೆಲ್ಲ ದಾಟಿ ಬಂದ ಕಾರು ಹೊಸ ಊರಿನಲ್ಲಿ ಮಾತು ಬಾರದವರ ಹಾಗೆ ನಿಲ್ಲುತ್ತದೆ. ರಸ್ತೆಯ ಬದಿ ಬದಲಾದರೆ ಹೆಡ್‌ಲೈಟಿನ ಬೆಳಕು ರಸ್ತೆಯಂಚನ್ನು ಬಿಟ್ಟು ಎದುರಿನವರ ಕಣ್ಣಿಗೆ ಏಳುತ್ತದೆ, ದೀಪವನ್ನೇ ಬದಲಿಸಬೇಕಾಗಬಹುದು. ಲಾರಿಯ ಹಿಂದೆ ಸಿಕ್ಕಿಕೊಂಡಾಗ ಓವರ್‌ಟೇಕ್‌ಗೆ ದಾರಿ ಇದೆಯೇ ಎಂದು ಪಕ್ಕದ ಸೀಟಿನವರನ್ನು ಕೇಳಬೇಕು. ಜಪಾನಿನ ಎಫ್‌ಎಂ 76ರಿಂದ 95 ಮೆಗಾಹರ್ಟ್ಸ್, ಉಳಿದೆಡೆ ಬಹುತೇಕ 87.5ರಿಂದ 108, ಅಲ್ಲಿಂದ ಬಂದ ರೇಡಿಯೋ ಅರ್ಧ ಕಿವುಡು. ವಿದ್ಯುತ್ ಕಾರಾದರೆ ಚಾರ್ಜಿಂಗ್ ಪ್ಲಗ್ಗೇ ಬೇರೆ. ಬಿಡಿಭಾಗ ಕೊಳ್ಳಲು ಹೋದಾಗ ಗೊತ್ತಾಗುವುದು, ಒಂದೇ ಹೆಸರಿನ ಕಾರಿಗೆ ಒಂದೊಂದು ದೇಶದಲ್ಲಿ ಒಂದೊಂದು ಎಂಜಿನ್ ಎಂದು. ಹಾಗಾಗಿ ಹೊರಡುವ ಮೊದಲೇ ಅಲ್ಲಿನ ಅಂಗಡಿಯವರಿಗೆ ಚಾಸಿ ಸಂಖ್ಯೆ ಕಳಿಸಿ ಬ್ರೇಕ್ ಪ್ಯಾಡ್, ಟೈಮಿಂಗ್ ಬೆಲ್ಟ್, ಮುಂದಿನ ಗಾಜು ಸಿಗುತ್ತವೆಯೇ ಎಂದು ವಿಚಾರಿಸಬೇಕು. ಇಲ್ಲ ಎಂದರೆ ಅಲ್ಲಿಗೇ ಮಾತು ಮುಗಿಯಿತು.

ಒಯ್ಯಲೇಬೇಕಾದ ಕಾರುಗಳೂ ಇವೆ. ಕೈಯಲ್ಲೇ ಬ್ರೇಕ್, ಆಕ್ಸಿಲರೇಟರ್ ನಿಯಂತ್ರಿಸುವಂತೆ ಒಬ್ಬರ ದೇಹಕ್ಕೆ ಹೊಂದಿಸಿದ ಕಾರಿಗೆ ಮಾರುಕಟ್ಟೆಯ ಲೆಕ್ಕ ಹಚ್ಚಬಾರದು. ಮತ್ತೆ ಸಿಗದ ಹಳೇ ಮಾದರಿಯ ಮಾತೂ ಹಾಗೆಯೇ.

ಉಳಿದ ನಡುವಯಸ್ಸಿನವಕ್ಕೆ ಹೊಸ ಯಜಮಾನರನ್ನು ಹುಡುಕುವುದೇ ಸರಿ. ಸರ್ವಿಸ್ ಪುಸ್ತಕ, ಎರಡೂ ಕೀಲಿ ಕೊಟ್ಟು, ಬ್ಲೂಟೂತಿನಲ್ಲಿ ಉಳಿದ ಫೋನ್ ನಂಬರುಗಳನ್ನು ಅಳಿಸಬೇಕು. ಏನಾದರೊಂದು ಇಟ್ಟುಕೊಳ್ಳಲೇಬೇಕೆಂದಿದ್ದರೆ ಗೇರ್ ನಾಬ್ ಇದೆ. ಬಹಳಷ್ಟು ಮ್ಯಾನುವಲ್ ಕಾರುಗಳಲ್ಲಿ ಎಡಕ್ಕೆ ತಿರುಗಿಸಿದರೆ ಕೈಗೇ ಬರುತ್ತದೆ. ಕೊಳ್ಳುವವರಿಗೆ ಬೇರೊಂದು ಹಾಕಿ ಕೊಡಿ. ಒಳಗಿನ ತಿರುಪಿನ ಅಳತೆ ಮಾತ್ರ ನೋಡಿಕೊಳ್ಳಿ, 10 ಮಿಲಿಮೀಟರಿನದೂ ಇರುತ್ತದೆ, 12ರದೂ ಇರುತ್ತದೆ. ಮುಂದಿನ ಕಾರಿನ ಗೇರ್ ಕಡ್ಡಿಗೆ ಹೊಂದಿದರೆ ಅಂಗೈಗೆ ಗುರುತಿನ ಸವಕಲು ಸಿಗುತ್ತದೆ. ಅದು ಆಟೋಮ್ಯಾಟಿಕ್ ಆಗಿದ್ದರೆ, ಮೇಜಿನ ಮೇಲಿನ ಕಾಗದ ಹಾರದಂತೆ ಇಡಲು ಸಾಕಾಗುವಷ್ಟು ತೂಕ ಹೇಗೂ ಅದಕ್ಕಿದೆ.