ಇದು ಆಸ್ಪತ್ರೆನಾ, ಆಫೀಸಾ?

ಹೋದ ಶನಿವಾರ ಬೆಳಿಗ್ಗೆ ಅಮ್ಮನನ್ನು ಕ್ಯಾಲಿಫೋರ್ನಿಯಾದ ನಮ್ಮೂರು ಸನ್ನಿವೇಲ್‌ನ ಡೌನ್‌ಟೌನ್‌ಗೆ ಕರೆದುಕೊಂಡು ಹೋಗಿದ್ದೆ. ಅಮ್ಮ ಮೈಸೂರಿನಿಂದ ಬಂದು ಮೂರು ವಾರವಾಯಿತು. ಶನಿವಾರ ಮರ್ಫಿ ಅವೆನ್ಯೂದಲ್ಲಿ ರೈತರ ಸಂತೆ ಇರುತ್ತದೆ. ಚೆರ್ರಿ ರುಚಿ ನೋಡುತ್ತಾ, ಸೊಪ್ಪಿನ ಬೆಲೆ ಕೇಳಿ ಬೆಚ್ಚುತ್ತಾ ಅಮ್ಮ ಖುಷಿಯಾಗಿದ್ದಳು. ಸಂತೆ ಮುಗಿಸಿ ವಾಷಿಂಗ್ಟನ್ ಅವೆನ್ಯೂ ದಾಟಿ ಆಚೆ ಹೋದೆವು. ಅಲ್ಲಿಂದ ಸಿಟಿಲೈನ್ ಎಂಬ ಹೊಸ ಪೇಟೆ ಶುರು. ಎಂಟು ಹತ್ತು ಹೆಜ್ಜೆ ಹಾಕಿರಬೇಕು, ಅಮ್ಮ ನಿಂತುಬಿಟ್ಟಳು. ಕತ್ತೆತ್ತಿ ನೋಡಿದಳು.

"ಏನೇ ಇದು, ಆಸ್ಪತ್ರೆನಾ, ಆಫೀಸಾ?"

"ಮನೆಗಳಮ್ಮ. ಕೆಳಗೆ ಅಂಗಡಿ, ಮೇಲೆ ಮನೆ. ಆಚೆ ಕಡೆದು ಆಫೀಸು."

"ಮನೆ ಅಂತೀಯ, ಯಾರೂ ಕಾಣಿಸ್ತಾನೇ ಇಲ್ವಲ್ಲೇ."

ನನಗೆ ಉತ್ತರ ಹೊಳೆಯಲಿಲ್ಲ. ಸುಮ್ನೆ ಮುಂದೆ ನಡೆದೆವು. ಆದರೆ ಆ ಮಾತು ಒಂದು ವಾರದಿಂದ ತಲೆಯಲ್ಲೇ ಇದೆ. ಯಾಕೆಂದರೆ ಈ ಜಾಗ ಹೇಗೆ ಎದ್ದು ನಿಲ್ಲುತ್ತದೆ ಎಂದು ನಾನು ವರ್ಷಗಟ್ಟಲೆ ಆಸೆಯಿಂದ ಕಾದಿದ್ದೆ.

ಇಲ್ಲಿ ಇಲ್ಲದವರಿಗಾಗಿ ಈ ಊರಿನ ಕಥೆ ಸ್ವಲ್ಪ ಹೇಳುತ್ತೇನೆ. ಸನ್ನಿವೇಲ್ ತುಂಬಾ ಹಳೆಯ ಊರಲ್ಲ. 1864ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸ್ಯಾನ್ ಹೋಸೆ ನಡುವೆ ರೈಲು ಬಂತು. ಮರ್ಫಿ ಎಂಬ ಕುಟುಂಬದ ಜಮೀನಿನ ನಡುವೆ ಹಳಿ ಹಾಯ್ದಿತ್ತು. 1897ರಲ್ಲಿ ಕ್ರಾಸ್‌ಮನ್ ಎಂಬಾತ ಇಲ್ಲಿ 200 ಎಕರೆ ಕೊಂಡು ಸೈಟು ಮಾಡಿ ಮಾರಿದ. 1912ರಲ್ಲಿ ಅದು ನಗರವಾಯಿತು. ನಮ್ಮ ಮೈಸೂರಿನವರಿಗೆ ಈ ಎರಡೂ ವರ್ಷ ಚೆನ್ನಾಗಿ ಗೊತ್ತು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು, 1912ರಲ್ಲಿ ಈಗಿನ ಅರಮನೆ ಮುಗಿಯಿತು. ಇದು ಗೊತ್ತಾದ ದಿನದಿಂದ ನನಗೆ ಎರಡೂ ಊರು ಓರಗೆಯವು ಅನ್ನಿಸಿಬಿಟ್ಟಿದೆ.

ಆಗ ಸುತ್ತ ಎಲ್ಲಾ ಹಣ್ಣಿನ ತೋಟ. ಏಪ್ರಿಕಾಟ್, ಚೆರ್ರಿ, ಪ್ರೂನ್. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿದ್ದವು. ಲಿಬ್ಬಿ ಕಂಪನಿಯ ನೀರಿನ ಟ್ಯಾಂಕು ಇವತ್ತಿಗೂ ಡೌನ್‌ಟೌನ್ ಪಕ್ಕದಲ್ಲೇ ನಿಂತಿದೆ, ದೊಡ್ಡ ಹಣ್ಣಿನ ಡಬ್ಬಿಯಂತೆ ಬಣ್ಣ ಬಳಿದಿದ್ದಾರೆ. ಮಕ್ಕಳಿಗೆ ಅದನ್ನು ಕಂಡರೆ ಬಲು ಇಷ್ಟ. ಆ ಕಾಲದ ಪೇಟೆ ಬೀದಿಗಳೇ ಮರ್ಫಿ, ಟಾಫ್, ಮೆಕಿನ್ಲಿ.

ಆಮೇಲೆ ಊರಿಗೆ ಮಾಲ್ ಬೇಕು ಅನ್ನಿಸಿತು. ಮರ್ಫಿ ಅವೆನ್ಯೂದ ಒಂದು ತುಂಡು ಬಿಟ್ಟು ಹಳೆಯ ಪೇಟೆಯ ಬಹುಪಾಲನ್ನು ಕೆಡವಿ, ಬೀದಿಗಳ ಮೇಲೇ ಮಾಲ್ ಕಟ್ಟಿದರು. 1979ರಲ್ಲಿ ಅದು ತೆರೆಯಿತು. ಇಪ್ಪತ್ತೈದು ವರ್ಷವೂ ಬಾಳಲಿಲ್ಲ. ಅದನ್ನೂ ಕೆಡವಿದರು. ಹೊಸದು ಕಟ್ಟಲು ಶುರು ಮಾಡುವಷ್ಟರಲ್ಲಿ 2008ರ ಆರ್ಥಿಕ ಕುಸಿತ ಬಂತು. ಕೆಲಸ ನಿಂತಿತು, ಸಾಲದ ಜಗಳ ಕೋರ್ಟಿಗೆ ಹೋಯಿತು. ನಾವು ಈ ಊರಿಗೆ ಬಂದಾಗ ಡೌನ್‌ಟೌನ್ ಎಂದರೆ ಉಕ್ಕಿನ ಅಸ್ಥಿಪಂಜರ. ಗೋಡೆಯಿಲ್ಲ, ಕಿಟಕಿಯಿಲ್ಲ, ಬರೀ ಕಂಬ, ತೊಲೆ. ಮಗನನ್ನು ಸ್ಟ್ರೋಲರ್‌ನಲ್ಲಿ ಕೂರಿಸಿಕೊಂಡು ಆ ಬೇಲಿಯ ಪಕ್ಕ ಎಷ್ಟು ಸಂಜೆ ನಡೆದಿದ್ದೇನೋ. ಕೆಲಸ ಮತ್ತೆ ಚುರುಕಾಗಿದ್ದು 2016ರ ನಂತರ, ಸಿಟಿಲೈನ್ ಎಂಬ ಹೆಸರಿನಲ್ಲಿ. ಅಷ್ಟರಲ್ಲಿ ಮಗ ಸೈಕಲ್ ಕಲಿತಿದ್ದ.

ಹಾಗಾಗಿ ಕೃತಜ್ಞತೆ ಇಲ್ಲದೆ ಮಾತಾಡುತ್ತಿಲ್ಲ. ಬಹಳ ಮುಖ್ಯವಾದ ಕೆಲವು ಕೆಲಸವನ್ನು ಅವರು ಸರಿಯಾಗಿ ಮಾಡಿದ್ದಾರೆ. ಮಾಲ್ ನುಂಗಿದ್ದ ಬೀದಿಗಳನ್ನು ವಾಪಸ್ ತಂದರು. ನಡುವೆ ಇದ್ದ ಹಳೆಯ ರೆಡ್‌ವುಡ್ ಮರಗಳನ್ನು ಉಳಿಸಿಕೊಂಡು ಸುತ್ತ ಒಂದು ಚೌಕ ಮಾಡಿದರು. ರೈಲು ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ, 2024ರಿಂದ ಅಲ್ಲಿ ವಿದ್ಯುತ್ ರೈಲು ಓಡುತ್ತಿದೆ. ಇಂಥ ಜಾಗದಲ್ಲಿ ಮನೆಗಳು ಬರಲೇಬೇಕು. ಬಾಡಿಗೆ ಮನೆಗಾಗಿ ಒದ್ದಾಡುವ ನಮ್ಮ ಹುಡುಗ ಹುಡುಗಿಯರನ್ನು ನೋಡಿದ ಯಾರೂ 'ಇಲ್ಲಿ ಕಟ್ಟಬೇಡಿ' ಎನ್ನಲಾರರು. ಜಾಗ ಇತ್ತು, ಬೀದಿ ಇತ್ತು, ಮರ ಇತ್ತು, ರೈಲು ಇತ್ತು. ಇಷ್ಟೆಲ್ಲಾ ಕೈಯಲ್ಲಿದ್ದೂ ಕಟ್ಟಡ ಮಾತ್ರ ಹೀಗಾಯಿತಲ್ಲ ಎಂಬುದೇ ಸಂಕಟ.

ಹೀಗೆ ಅಂದರೆ ಹೇಗೆ? ಬೂದು, ಬಿಳಿ, ನಡುವೆ ಒಂಚೂರು ಮರದ ಬಣ್ಣ. ಚಪ್ಪಟೆ ಹಲಗೆ ಜೋಡಿಸಿದಂಥ ಗೋಡೆ. ಗೋಡೆಯ ಮಟ್ಟಕ್ಕೇ ಅಂಟಿದ ಕಿಟಕಿ, ಅದಕ್ಕೆ ನೆರಳೂ ಬೀಳುವುದಿಲ್ಲ. ಕ್ಯಾಲಿಫೋರ್ನಿಯಾದ ಮಧ್ಯಾಹ್ನದ ಬಿಸಿಲಿನಲ್ಲಿ ಕಟ್ಟಡದ ಮೇಲೆ ನೆರಳೇ ಆಡದಿದ್ದರೆ ಮುಖದಲ್ಲಿ ಹುಬ್ಬಿಲ್ಲದ ಹಾಗೆ ಕಾಣುತ್ತದೆ. ಕೆಳಗೆ ಎತ್ತರದ ಗಾಜು, ಉದ್ದಕ್ಕೂ ಗಾಜು. ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಬಹಳ ದೂರ. ಅಮ್ಮ ಮಂಡಿನೋವಿನವಳು, ಕೂರಲು ಕಟ್ಟೆ ಹುಡುಕಿದಳು. ಗೋಡೆಗೆ ಸೇರಿದ ಒಂದು ಕಟ್ಟೆ, ಒಂದು ಮೆಟ್ಟಿಲು, ಒಂದು ಸೂರು ಆ ಉದ್ದಕ್ಕೂ ಕಾಣಲಿಲ್ಲ. ರೆಡ್‌ವುಡ್ ಮರಗಳ ಹತ್ತಿರ ಹೋದ ಮೇಲೇ ಅವಳಿಗೆ ಉಸಿರು ಬಂದಿದ್ದು.

ಈ ಕಟ್ಟಡಗಳನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಡೆನ್ವರ್‌ನಲ್ಲೋ, ಆಸ್ಟಿನ್‌ನಲ್ಲೋ ಇಟ್ಟರೆ ಅಲ್ಲಿಯವರಿಗೂ ಗೊತ್ತಾಗಲಿಕ್ಕಿಲ್ಲ. ಯಾಕೆ ಹೀಗೆ ಎಂದು ಕೆದಕುತ್ತಾ ಹೋದಾಗ ತಿಳಿದದ್ದು, ಇದು ಯಾರೋ ಒಬ್ಬ ಆರ್ಕಿಟೆಕ್ಟ್‌ಗೆ ರುಚಿಯಿಲ್ಲ ಎಂಬ ವಿಷಯವೇ ಅಲ್ಲ. ಅಮೆರಿಕದಲ್ಲಿ ಈಗ ಎಲ್ಲೆಲ್ಲೂ ಕಾಣುವ ಒಂದು ಬಗೆಯ ಕಟ್ಟಡವಿದೆ. ಕೆಳಗೆ ಕಾಂಕ್ರೀಟಿನ ಒಂದು ಅಂತಸ್ತು, ಅದರ ಮೇಲೆ ಮರದ ಚೌಕಟ್ಟಿನ ನಾಲ್ಕೈದು ಅಂತಸ್ತು. 1990ರ ದಶಕದಲ್ಲಿ ಲಾಸ್ ಏಂಜಲಿಸ್‌ನ ಟಿಮ್ ಸ್ಮಿತ್ ಎಂಬ ಆರ್ಕಿಟೆಕ್ಟ್ ಕಡಿಮೆ ಆದಾಯದವರಿಗೆ ಮನೆ ಕಟ್ಟಲು ಈ ದಾರಿ ಹುಡುಕಿದರು. ಒಳ್ಳೆಯ ಉದ್ದೇಶವೇ. ಉಕ್ಕು, ಕಾಂಕ್ರೀಟಿಗಿಂತ ಮರ ಅಗ್ಗ, ಕೆಲಸವೂ ಬೇಗ. ಆಮೇಲೆ ಅದು ದುಬಾರಿ ಬಾಡಿಗೆಯ ಮನೆಗಳಿಗೂ ಅಚ್ಚಾಯಿತು.

ಇನ್ನೊಂದು ಕಾರಣ ಮೆಟ್ಟಿಲಿನದು. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು ಮೀರಿದ ಅಪಾರ್ಟ್‌ಮೆಂಟಿಗೆ ಬೆಂಕಿಯ ಭಯದಿಂದ ಹತ್ತಿ ಇಳಿಯಲು ಎರಡು ಬೇರೆ ಬೇರೆ ಮೆಟ್ಟಿಲ ಸಾಲು ಇರಬೇಕು. ಎರಡನ್ನೂ ಸೇರಿಸಲು ನಡುವೆ ಉದ್ದ ಕಾರಿಡಾರ್. ಕಾರಿಡಾರ್‌ನ ಎರಡೂ ಬದಿ ಮನೆಗಳು, ಥೇಟ್ ಹೋಟೆಲಿನ ಹಾಗೆ. ಚಿಕ್ಕ ಸೈಟಿನಲ್ಲಿ ಇದು ಕೂರುವುದೇ ಇಲ್ಲ. ಹಾಗಾಗಿ ಚಿಕ್ಕ ಸೈಟುಗಳನ್ನು ಸೇರಿಸಿ ದೊಡ್ಡದು ಮಾಡಬೇಕು, ಇಡೀ ಬ್ಲಾಕಿಗೆ ಒಂದೇ ಕಟ್ಟಡ ಬರಬೇಕು. ಸಿಯಾಟಲ್, ನ್ಯೂಯಾರ್ಕ್‌ನಲ್ಲಿ ಒಂದೇ ಮೆಟ್ಟಿಲಿನ ಆರು ಅಂತಸ್ತಿನ ಸಣ್ಣ ಕಟ್ಟಡಕ್ಕೆ ಅವಕಾಶವಿದೆ. ನಮ್ಮ ರಾಜ್ಯದಲ್ಲೂ ಇದನ್ನು ಅಧ್ಯಯನ ಮಾಡಬೇಕು ಎಂದು 2023ರಲ್ಲಿ ಕಾನೂನು ಮಾಡಿದ್ದಾರೆ. ಮೆಟ್ಟಿಲಿನ ನಿಯಮ ಊರಿನ ಮುಖವನ್ನೇ ತಿದ್ದುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ.

ಇಡೀ ಬ್ಲಾಕಿನ ಗೋಡೆ ಒಂದೇ ಸಮ ಉದ್ದವಾಗಿ ಕಾಣಬಾರದು ಎಂದು ಊರುಗಳು ಇನ್ನೊಂದು ನಿಯಮ ಮಾಡುತ್ತವೆ. ಅದಕ್ಕೇ ಇಲ್ಲಿ ಸ್ವಲ್ಪ ಮುಂದೆ, ಅಲ್ಲಿ ಸ್ವಲ್ಪ ಹಿಂದೆ, ಇಲ್ಲಿ ಒಂದು ಬಣ್ಣ, ಅಲ್ಲಿ ಇನ್ನೊಂದು. ಹತ್ತು ಕಟ್ಟಡದಂತೆ ಕಾಣಲಿ ಎಂಬ ಆಸೆ. ನೋಡುವ ಕಣ್ಣಿಗೆ ಅದು ಒಂದೇ ಎಂದು ತಕ್ಷಣ ತಿಳಿಯುತ್ತದೆ, ಅಲ್ವಾ?

ವಾಷಿಂಗ್ಟನ್‌ನ ಈಚೆ ಕಡೆ, ಉಳಿದುಕೊಂಡ ಆ ಒಂದು ತುಂಡು ಮರ್ಫಿ ಅವೆನ್ಯೂ ನೋಡಿ. ಒಂದು ಅಂತಸ್ತು, ಎರಡು ಅಂತಸ್ತು, ಅಷ್ಟೇ. ಅಂಥ ದೊಡ್ಡ ಶಿಲ್ಪಕಲೆ ಏನೂ ಇಲ್ಲ. ಅಂಗಡಿಗಳು ಕಿರಿದು, ಒತ್ತೊತ್ತಾಗಿ ನಿಂತಿವೆ. ಒಂದರ ತಲೆ ಎತ್ತರ, ಪಕ್ಕದ್ದರದು ತಗ್ಗು. ಹಣ್ಣು ಪ್ಯಾಕ್ ಮಾಡುತ್ತಿದ್ದ ಹಳೆಯ ಮರದ ಕಟ್ಟಡವೊಂದನ್ನು ಬೇರೆ ಕಡೆಯಿಂದ ತಂದು ಮೂಲೆಯಲ್ಲಿ ನಿಲ್ಲಿಸಿ ಉಳಿಸಿದ್ದಾರೆ. 2020ರಲ್ಲಿ ಕೊರೊನಾ ಬಂದಾಗ ಈ ಬೀದಿಗೆ ಕಾರು ಬರುವುದನ್ನು ನಿಲ್ಲಿಸಿದರು, ಮೇಜು ಕುರ್ಚಿ ಹೊರಗೆ ಬಂದವು. ಆಮೇಲೆ ಕಾರನ್ನು ಮತ್ತೆ ಬಿಡಲೇ ಇಲ್ಲ. ಈಗ ಸಂಜೆ ಹೊತ್ತು ಕಾಲಿಡಲು ಜಾಗವಿರುವುದಿಲ್ಲ. ಹೊಸ ಪೇಟೆಗೆ ಬಂದವರೂ ಊಟಕ್ಕೆ, ಹರಟೆಗೆ ಇಲ್ಲಿಗೇ ನಡೆದು ಬರುತ್ತಾರೆ.

ಇದನ್ನೆಲ್ಲ ಮೊನ್ನೆ ಗೆಳೆಯರೊಬ್ಬರ ಹತ್ತಿರ ಹೇಳಿದಾಗ ಅವರು ಒಂದು ಒಳ್ಳೆಯ ಪ್ರಶ್ನೆ ಹಾಕಿದರು. "ನಿಮ್ಮ ಮೈಸೂರಿನ ದೇವರಾಜ ಮಾರ್ಕೆಟ್ಟೂ ಒಬ್ಬರೇ ಕಟ್ಟಿಸಿದ್ದಲ್ವಾ? ಅದೂ ಒಂದೇ ಥರದ ಕಮಾನು ಸಾಲು ಸಾಲಾಗಿ ಇರೋದು. ಅದು ಯಾಕೆ ಬೇಜಾರಾಗಲ್ಲ?"

ಎರಡು ದಿನ ಯೋಚಿಸಿದೆ. ಚಿಕ್ಕವಳಿದ್ದಾಗ ಅಪ್ಪನ ಕೈ ಹಿಡಿದು ಸಯ್ಯಾಜಿರಾವ್ ರಸ್ತೆ ಕಡೆಯಿಂದ ಒಳಗೆ ನುಗ್ಗುತ್ತಿದ್ದದ್ದು ನೆನಪಾಯಿತು. ಬಾಳೆಹಣ್ಣಿನ ಗೊನೆಗಳು, ವೀಳ್ಯದೆಲೆ ಕಟ್ಟು, ಮೊಳ ಹಾಕುವ ಮಲ್ಲಿಗೆ. ತಟ್ಟೆಯಲ್ಲಿ ಗೋಪುರದಂತೆ ಒತ್ತಿಟ್ಟ ಕುಂಕುಮ, ಹಸಿರು, ನೀಲಿ, ಕೇಸರಿ ಪುಡಿಗಳು. ನಿಜ, ಕಟ್ಟಡ ಒಂದೇ ಥರ. ಆದರೆ ಅದು ಅಂಗಡಿಯವನಿಗೆ ಜಾಗ ಬಿಟ್ಟು ನಿಂತಿದೆ. ಒಬ್ಬ ಮನುಷ್ಯ ಕೂತು ಕೈ ಚಾಚಿದರೆ ಸಿಗುವಷ್ಟು ಅಳತೆ. ಮೊಳೆ ಹೊಡೆಯಬಹುದು, ಗೊನೆ ತೂಗುಹಾಕಬಹುದು, ದೇವರ ಫೋಟೋ ಇಡಬಹುದು, ಮುಂದೆ ಬುಟ್ಟಿ ಚಾಚಬಹುದು. ಬಣ್ಣ ತುಂಬುವುದು ಅಲ್ಲಿ ಕೂತವರ ಪಾಲಿನ ಕೆಲಸ.

ಸಿಟಿಲೈನ್‌ನಲ್ಲಿ ನನಗೆ ಸಿಗದೆ ಹೋದದ್ದು ಇದೇ. ಅಲ್ಲಿ ಯಾರೂ ಏನನ್ನೂ ಸೇರಿಸುವ ಹಾಗಿಲ್ಲ. ಅಷ್ಟು ಅಗಲದ, ಅಷ್ಟು ಬಾಡಿಗೆಯ ಮಳಿಗೆಯನ್ನು ದೊಡ್ಡ ಕಂಪನಿಗಳೇ ತೆಗೆದುಕೊಳ್ಳಬೇಕು. ಇಡ್ಲಿ ಅಂಗಡಿ ಇಡುತ್ತೇನೆ ಎನ್ನುವ ಗಂಡ ಹೆಂಡತಿಗೆ ಅಲ್ಲಿ ಜಾಗವಿಲ್ಲ. ಮೇಲಿನ ಬಾಲ್ಕನಿಗಳ ಮಾತೂ ಅಷ್ಟೇ. ಈ ದೇಶದ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಅಲ್ಲಿ ಬಟ್ಟೆ ಒಣಹಾಕಲು ಬಿಡುವುದಿಲ್ಲ. "ಯಾರೂ ಕಾಣಿಸ್ತಾನೇ ಇಲ್ವಲ್ಲೇ" ಎಂದು ಅಮ್ಮ ಹೇಳಿದ್ದು ಇದಕ್ಕೇ. ಒಂದು ತುಳಸಿ ಕುಂಡವನ್ನೋ, ಒಂದು ಟವೆಲನ್ನೋ ಅವಳ ಕಣ್ಣು ಹುಡುಕಿತ್ತು.

ಹಳೆಯದರ ನಕಲು ಮಾಡಿ ಎಂದು ನಾನು ಕೇಳುತ್ತಿಲ್ಲ. ಪ್ಲಾಸ್ಟರಿನಲ್ಲಿ ಸುಳ್ಳು ಕಮಾನು ಮಾಡಿ ಅಂಟಿಸಿದರೆ ಇದಕ್ಕಿಂತ ಜಾಸ್ತಿ ನೋವಾಗುತ್ತದೆ. ನಾನು ಕೇಳುವುದು ಚಿಕ್ಕ ಚಿಕ್ಕ ವಿಷಯ. ಕೆಳಗಿನ ಮಳಿಗೆಗಳಲ್ಲಿ ಕೆಲವನ್ನಾದರೂ ಹತ್ತು ಹನ್ನೆರಡು ಅಡಿ ಅಗಲಕ್ಕೆ ಕತ್ತರಿಸಿ. ಗೋಡೆಗೆ ಕೂರುವ ಕಟ್ಟೆ ಕೊಡಿ. ಕಿಟಕಿ ಒಂದು ಗೇಣು ಒಳಗೆ ಹೋಗಲಿ, ನೆರಳು ಬೀಳಲಿ. ಒಂದು ಬ್ಲಾಕನ್ನು ನಾಲ್ಕು ಬೇರೆ ಬೇರೆ ಆರ್ಕಿಟೆಕ್ಟ್‌ಗಳಿಗೆ ಹಂಚಿ. ಏಪ್ರಿಕಾಟ್ ತೋಟಗಳ ಊರಿದು, ಆ ನೆನಪು ಎಲ್ಲೋ ಒಂದು ಕಡೆ ಕಾಣಲಿ.

ಇದನ್ನು ಕನ್ನಡದಲ್ಲೇ ಬರೆಯಬೇಕು ಅನ್ನಿಸಿದ್ದಕ್ಕೆ ಇನ್ನೂ ಒಂದು ಕಾರಣವಿದೆ. 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯಿತು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರ್ಕೆಟ್ಟಿನ ಉತ್ತರ ಭಾಗ ಕುಸಿಯಿತು. ಆಗಿನಿಂದ ಕೆಡವಿ ಹೊಸದು ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ. ಅದು ಹೈಕೋರ್ಟಿನವರೆಗೂ ಹೋಗಿದೆ. ಜೀವಕ್ಕೆ ಅಪಾಯವಿರುವ ಕಟ್ಟಡವನ್ನು ಹಾಗೇ ಬಿಡಿ ಎಂದು ಯಾರೂ ಹೇಳುವುದಿಲ್ಲ. ಆದರೆ 'ಅದೇ ಮಾದರಿಯಲ್ಲಿ ಕಟ್ಟುತ್ತೇವೆ' ಎಂಬ ಮಾತು ಕೇಳಿದಾಗೆಲ್ಲ ನನಗೆ ಎದೆ ಹೊಡೆದುಕೊಳ್ಳುತ್ತದೆ. ಕಮಾನಿನ ಚಿತ್ರ ಬರೆದು ತೋರಿಸುವುದು ಸುಲಭ. ಎಂಟು ಹತ್ತು ಅಡಿಯ ಆ ಮಳಿಗೆ, ಅದರ ಕಡಿಮೆ ಬಾಡಿಗೆ, ಹೂವಿನವಳು ಕೂರುವ ಆ ಮೂಲೆ, ಇವು ನಕ್ಷೆಯಲ್ಲಿ ಇವೆಯೋ ಇಲ್ಲವೋ ಎಂದು ಮೈಸೂರಿನ ಗೆಳೆಯರು ದಯವಿಟ್ಟು ಕೇಳಿ. ಸನ್ನಿವೇಲ್ ತನ್ನ ಪೇಟೆ ಕೆಡವಿ ಐವತ್ತು ವರ್ಷವಾಗುತ್ತಾ ಬಂತು. ಅದನ್ನು ಇನ್ನೂ ಕಟ್ಟಿ ಮುಗಿಸಲು ಆಗಿಲ್ಲ.

ಇಲ್ಲಿ ನಕ್ಷೆ ಪಾಸಾಗುವ ಮುಂಚೆ ನಗರದ ಯೋಜನಾ ಆಯೋಗದ ಸಭೆ ನಡೆಯುತ್ತದೆ. ಯಾರು ಬೇಕಾದರೂ ಹೋಗಿ ಕೆಲವು ನಿಮಿಷ ಮಾತಾಡಬಹುದು. ಇಷ್ಟು ವರ್ಷ ನಾನು ಒಂದು ಸಭೆಗೂ ಹೋಗಿಲ್ಲ, ಅದು ನನ್ನ ತಪ್ಪು. ಊರಿನಲ್ಲಿ ಇನ್ನೂ ಕಟ್ಟುವುದು ಬೇಕಾದಷ್ಟು ಬಾಕಿ ಇದೆ. ಮುಂದಿನ ಸಭೆಗೆ ಹೋಗುತ್ತೇನೆ, ಅಮ್ಮನೂ ಬರುತ್ತಾಳಂತೆ. ಕಟ್ಟೆಯ ವಿಷಯ ಅವಳೇ ಹೇಳುತ್ತಾಳಂತೆ, ನಾನು ಇಂಗ್ಲಿಷಿಗೆ ಮಾಡಿ ಹೇಳಬೇಕು. ಸನ್ನಿವೇಲ್, ಸಾಂಟಾ ಕ್ಲಾರಾ ಕಡೆಯ ಕನ್ನಡದವರು ಯಾರಾದರೂ ಬರುವುದಿದ್ದರೆ ಕಾಮೆಂಟ್‌ನಲ್ಲಿ ತಿಳಿಸಿ, ಒಟ್ಟಿಗೆ ಹೋಗೋಣ.