ಹವಳದ ದ್ವೀಪದ ಬಾವಿಗೆ ಮೋಟರ್ ಇಳಿಸಬೇಡಿ

ಲಕ್ಷದ್ವೀಪದಲ್ಲಿ ಕೆಲವೇ ಮೀಟರ್ ಅಗೆದರೆ ಸಿಹಿನೀರು ಸಿಗುತ್ತದೆ. ಸಿಕ್ಕಿತಲ್ಲ ಅಂತ ಮೋಟರ್ ಕೂರಿಸಿ ಎರಡು ಗಂಟೆ ಎಳೆದರೆ ಅದೇ ಬಾವಿ ಸವಳಾಗುತ್ತದೆ, ಆಮೇಲೆ ಉಪ್ಪು. ಹಾಗಾಗಿ ಕುಟುಂಬ ದೊಡ್ಡದಿದ್ದರೂ ಮೋಟರ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಅಲ್ಲಿ ಹೊಳೆ, ಕೆರೆ ಇಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತಾ ನಿಂತಿರುತ್ತದೆ. ಸಮುದ್ರದ ನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಮಾತ್ರ ಭಾರ. ಅದರ ಲೆಕ್ಕ ಹೀಗೆ: ಬಾವಿಯ ಮಟ್ಟ ಸಮುದ್ರಕ್ಕಿಂತ ಒಂದು ಅಡಿ ಮೇಲಿದ್ದರೆ ಕೆಳಗೆ ನಲವತ್ತು ಅಡಿ ಸಿಹಿನೀರು. ಉಬ್ಬರವಿಳಿತ ದಿನವೂ ಕಲಕುವುದರಿಂದ ನಿಜಕ್ಕೆ ಅಷ್ಟೂ ಇರುವುದಿಲ್ಲ. ಮೋಟರ್ ಮಟ್ಟವನ್ನು ಒಂದು ಇಂಚು ತಗ್ಗಿಸಿ ಹಾಗೇ ಹಿಡಿದಿಟ್ಟರೆ ತಳದ ಉಪ್ಪುನೀರು ನಲವತ್ತು ಇಂಚಿನವರೆಗೂ ಗೋಪುರದಂತೆ ಮೇಲೇಳಬಹುದು. ಕೊಡದಲ್ಲಿ ಸೇದಿದರೆ ಬಾವಿಗೆ ತುಂಬಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಯಂತ್ರ ಬೇಕೇ ಬೇಕಾದರೆ ಸಣ್ಣದು ಸಾಕು. ಫುಟ್‌ವಾಲ್ವ್, ಅಂದರೆ ನೀರೆಳೆಯುವ ಕೊಳವೆಯ ಕೆಳತುದಿಯ ಕವಾಟ, ತಳಕ್ಕೆ ಬಿಡದೆ ನೀರಿನ ಮೇಲ್ಮೈಗೆ ಹತ್ತಿರ ಇರಲಿ, ಹತ್ತು ನಿಮಿಷ ಎಳೆದು ಬಿಡುವು ಕೊಡಿ.

ಇನ್ನೊಂದು ಕೇಡು ಶೌಚದ ಗುಂಡಿ. 32 ಚದರ ಕಿಲೋಮೀಟರ್ ನೆಲದಲ್ಲಿ 2011ರಲ್ಲೇ 64 ಸಾವಿರ ಜನ, ಅದೂ ಹತ್ತೇ ದ್ವೀಪಗಳಲ್ಲಿ. ಗುಂಡಿ ಬಾವಿಗೆ ಹತ್ತಿರ ಬೀಳದೆ ಇನ್ನೆಲ್ಲಿ ಬಿದ್ದೀತು! ಹವಳದ ಮರಳು ಸೋಸುವುದಕ್ಕಿಂತ ಹರಿಬಿಡುವುದೇ ಹೆಚ್ಚು. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ಗುಂಡಿಯ ಕೊಳೆಯಿಂದ ನೀರಿಗೆ ಸೇರುವ ನೈಟ್ರೇಟ್ ಎಂಬ ಲವಣ ಹೋಗುವುದಿಲ್ಲ. ಇಂಗುಗುಂಡಿ ಬಿಟ್ಟು ಸೋರದ ತೊಟ್ಟಿಯನ್ನೇ ಕಟ್ಟಬೇಕು.

ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಿಂದ ಸಮುದ್ರದ ನೀರನ್ನೇ ಸಿಹಿ ಮಾಡುವ, ದಿನಕ್ಕೆ ಒಂದು ಲಕ್ಷ ಲೀಟರಿನ ಘಟಕವಿದೆ. ಆಳದ ತಣ್ಣೀರು, ಮೇಲಿನ ಬೆಚ್ಚನೆ ನೀರಿನ ವ್ಯತ್ಯಾಸದಿಂದಲೇ ಆವಿ ಹಿಡಿಯುವ ಒಳ್ಳೆಯ ವ್ಯವಸ್ಥೆ ಅದು. ಆದರೆ ಅದೊಂದನ್ನೇ ನಂಬಿ ಬಾವಿ ಕೆಡಿಸಿಕೊಳ್ಳಬಾರದು. ಮಾಲ್ಡೀವ್ಸ್‌ನ ಮಾಲೆಯಲ್ಲಿ 2014ರ ಡಿಸೆಂಬರ್ 4ರಂದು ಇಂಥ ನೀರಿನ ಘಟಕಕ್ಕೆ ಬೆಂಕಿ ಬಿದ್ದು ಊರಿನ ನಲ್ಲಿಗಳೇ ಒಣಗಿದವು, ಭಾರತದಿಂದ ವಿಮಾನದಲ್ಲಿ ನೀರು ಹೋಗಬೇಕಾಯಿತು.

ಕುಡಿಯುವುದಕ್ಕೆ ಸೂರಿನ ನೀರು ಹಿಡಿಯಿರಿ. ಒಂದು ಚದರ ಮೀಟರ್ ಸೂರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಐದು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಅಂದುಕೊಂಡರೆ ಜನವರಿಯಿಂದ ಏಪ್ರಿಲ್‌ವರೆಗಿನ 120 ಒಣದಿನಕ್ಕೆ 6,000 ಲೀಟರ್ ತೊಟ್ಟಿ ಸಾಕು. ಮೊದಲ ಮಳೆಯನ್ನು ಹೊರಗೆ ಬಿಡಿ, ಅದರಲ್ಲಿ ಹಕ್ಕಿ ಹಿಕ್ಕೆ, ತೆಂಗಿನ ಕಸ ಇರುತ್ತದೆ. ತೊಟ್ಟಿಯ ಬಾಯಿಗೆ ಸೊಳ್ಳೆ ನುಸುಳದಂಥ ಬಲೆ ಕಟ್ಟಿ.