ಕೆಸರು ತೆಗೆಸಿದವನು ನಾನೇ

ಹಕ್ಕಿ ನೋಡುವವರು ಬೆಳಕು ಹರಿಯುವ ಮೊದಲೇ ಏಳಬೇಕು ಎಂಬುದು ಕಾಡಿನವರು ಮಾಡಿಟ್ಟ ನಿಯಮ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಕಡಲಿನ ಇಳಿತ ನೋಡಿಕೊಂಡು ಹೊರಡಬೇಕು. ಜನವರಿಯ ಆ ಭಾನುವಾರ ಉಡುಪಿ ಬಳಿಯ ಕೋಡಿಬೆಂಗ್ರೆಯಲ್ಲಿ ನೀರು ಪೂರ್ತಿ ಇಳಿಯುವುದು ಹತ್ತೂವರೆಯ ಸುಮಾರಿಗೆ ಎಂದು ಗೊತ್ತಿತ್ತು. ಹಾಗಾಗಿ ನೀರುದೋಸೆ ತಿಂದು, ಪತ್ರಿಕೆ ಓದಿ ಮುಗಿಸಿ, ಸಂತೆಕಟ್ಟೆಯಿಂದ ಕೆಮ್ಮಣ್ಣು, ಹೂಡೆ ದಾಟಿ ಸ್ಕೂಟರಿನಲ್ಲಿ ನಿಧಾನಕ್ಕೆ ಹೋದೆ. ಎದುರಿನಿಂದ ಮೊಳದುದ್ದದ ಲೆನ್ಸ್ ಹೊತ್ತ ಇಬ್ಬರು ಹುಡುಗರು ವಾಪಸು ಬರುತ್ತಿದ್ದರು. ಆರು ಗಂಟೆಗೇ ಬಂದಿದ್ದರಂತೆ. "ಏನೂ ಇಲ್ಲ ಸರ್, ಬರೀ ನೀರು" ಎಂದರು. ಇರುವುದೆಲ್ಲ ಆ ನೀರಿನಡಿಯಲ್ಲೇ ಎಂದು ನಾನು ಹೇಳುವಷ್ಟರಲ್ಲಿ ಬೈಕು ಮುಂದೆ ಹೋಗಿಯಾಗಿತ್ತು.

ಹೂಡೆಯಿಂದಾಚೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗಿನ ನೆರಳಿನ ಒಂದೇ ರಸ್ತೆ. ಅದರ ತುದಿಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುತ್ತವೆ. ನೆಂಟರು ಬಂದರೆ ಫೋಟೊಗೆಂದು ನಾವೆಲ್ಲ ಕರೆದುಕೊಂಡು ಹೋಗುವ ಜಾಗ ಅದು. ಯಾರೂ ಫೋಟೊ ತೆಗೆಯದ ಜಾಗ ಅದರ ಹಿಂದೆ, ಹೊಳೆಯ ಬದಿಯಲ್ಲಿದೆ: ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಿಂದ ನೀರಿನವರೆಗೆ ಚಾಚಿದ, ಕಪ್ಪಗೆ, ಸ್ವಲ್ಪ ನಾರುವ ಕೆಸರು.

ಅಲ್ಲಿ ಮೊದಲು ಕಂಡದ್ದು ಮರಳಿನ ಬಣ್ಣದ ಪುಟ್ಟ ಪ್ಲೋವರ್‌ಗಳು. ಟಿಬೆಟ್, ಹಿಮಾಲಯದ ಎತ್ತರದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ಕರಾವಳಿಗೆ ಇಳಿಯುವ ಹಕ್ಕಿ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಏನೋ ಮರೆತವರ ಹಾಗೆ ನೋಡಿ, ಒಮ್ಮೆ ಕುಕ್ಕಿ ಮತ್ತೆ ಓಡುತ್ತವೆ. ಅವುಗಳ ಕೊಕ್ಕು ಗಿಡ್ಡ. ಕೆಸರಿನ ಮೇಲೆ ಅಲ್ಲಾಡಿದ್ದನ್ನು ಕಣ್ಣಿನಿಂದ ಹುಡುಕಿ ಹಿಡಿಯುವ ಜಾತಿ. ಅದೇ ಕೆಸರಿನಲ್ಲಿ ಮೂರು ಮಾರು ಆಚೆ, ಕೊಡಲಿಕಾವಿನ ಬಣ್ಣದ ದೊಡ್ಡ ಹಕ್ಕಿಯೊಂದು ಕುಡುಗೋಲಿನಂತೆ ಬಾಗಿದ ಕೊಕ್ಕನ್ನು ಏಡಿಯ ಬಿಲಕ್ಕೆ ಬುಡದವರೆಗೆ ಇಳಿಸಿತ್ತು. ಪುಸ್ತಕದಲ್ಲಿ ಇದರ ಹೆಸರು ವಿಂಬ್ರೆಲ್. ಬಿಲದ ಬಾಗು ಹೇಗೋ ಕೊಕ್ಕಿನ ಬಾಗೂ ಹಾಗೆ. ಏಡಿಯನ್ನು ಎಳೆದು ತೆಗೆದು, ಕೊಡವಿ ಕೊಡವಿ ಒಂದೊಂದೇ ಕಾಲನ್ನು ಉದುರಿಸಿ, ನೀರಿನ ಅಂಚಿಗೆ ಹೋಗಿ ಅದ್ದಿ ನುಂಗಿತು. ನಮ್ಮ ಮನೆಯಲ್ಲಿ ಏಡಿ ಕಳಚುವ ಕ್ರಮವೂ ಹೆಚ್ಚುಕಡಿಮೆ ಇದೇ.

ಸೊಂಟಕ್ಕೆ ಚೀಲ ಕಟ್ಟಿಕೊಂಡು ಮರುವಾಯಿ (ತಿನ್ನುವ ಕಪ್ಪೆಚಿಪ್ಪು) ಹೆಕ್ಕುತ್ತಿದ್ದ ಅಕ್ಕ ಒಬ್ಬರು ನನ್ನ ದುರ್ಬೀನು ನೋಡಿ, "ಅದು ದಿನಾ ಇರುತ್ತದಲ್ಲ ಮಾಷ್ಟ್ರೇ, ಅದನ್ನೆಂತ ನೋಡುವುದು?" ಎಂದರು. ಆಮೇಲೆ, "ಆ ಕೊಕ್ಕು ಬಾಗಿದ್ದು ನಿಂತಲ್ಲಿಗೆ ಹೋಗಬೇಡಿ. ಅಲ್ಲಿ ಕೆಸರು ಮೆತ್ತಗೆ, ನಮ್ಮ ಭಾರ ತಡೆಯುವುದಿಲ್ಲ" ಎಂದರು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಕೇಳಿಸಿಕೊಳ್ಳುವ ಅಭ್ಯಾಸ ಕಡಿಮೆ. ಹತ್ತು ಹೆಜ್ಜೆಯಲ್ಲಿ ಮೊಣಕಾಲಿನವರೆಗೆ ಹೂತುಹೋದೆ. ಕಾಲು ಬಂತು, ಎಡಗಾಲಿನ ಚಪ್ಪಲಿ ಬರಲಿಲ್ಲ.

ಹಾಗೆ ಒಂಟಿ ಚಪ್ಪಲಿಯಲ್ಲಿ ದಂಡೆಯ ಮೇಲೆ ಕುಳಿತಾಗ ನೆನಪಾದದ್ದು ನಮ್ಮೂರಿನ ಕೆರೆ.

ಅದು ಬೈಲಗದ್ದೆಗಳ ತಲೆಯಲ್ಲಿರುವ ಸಣ್ಣ ಕೆರೆ. ಅಂಚೆಲ್ಲ ಕೆಸರು, ಜೊಂಡು, ತಾವರೆ. ಎಲೆಗಳ ಮೇಲೆ ಉದ್ದ ಬೆರಳು ಅಗಲಿಸಿಕೊಂಡು ನಡೆಯುವ ದೇವನಕ್ಕಿಗಳಿದ್ದವು. ಏಣಿಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯ ಬೆಳ್ಳಕ್ಕಿಗಳೂ ಅಲ್ಲಿಗೇ ಬರುತ್ತಿದ್ದವು. ಅದನ್ನು ಅಭಿವೃದ್ಧಿ ಮಾಡಬೇಕೆಂದು ಊರಿನವರು ಹೊರಟಾಗ ಅರ್ಜಿ ಬರೆದುಕೊಟ್ಟವನು ನಾನೇ. "ಹೂಳು ಮತ್ತು ಕಸಕಡ್ಡಿಗಳಿಂದ ಕೂಡಿ ಶೋಚನೀಯ ಸ್ಥಿತಿಯಲ್ಲಿರುವ" ಎಂಬ ವಾಕ್ಯ ನನ್ನದೇ. ಬರೆದಾಗ ಹೆಮ್ಮೆಯೂ ಆಗಿತ್ತು. ಯಂತ್ರ ಬಂತು. ಮೂರು ದಿಕ್ಕಿಗೆ ನೇರ ಕಲ್ಲು ಕಟ್ಟಿದರು, ಸುತ್ತ ನಡೆಯಲು ಇಂಟರ್‌ಲಾಕ್ ಹಾಸಿದರು, ದೀಪ ಹಾಕಿದರು. ಈಗ ನೀರು ತಿಳಿಯಾಗಿದೆ, ಬೇಸಿಗೆಯಲ್ಲೂ ನಿಲ್ಲುತ್ತದೆ. ಸುತ್ತಲಿನ ಬಾವಿಗಳಿಗೆ ಒಳ್ಳೆಯದಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದೇವನಕ್ಕಿ ಮಾಯವಾಗಿದೆ. ಕೊಳಬಕಕ್ಕೆ ಗೇಣುದ್ದದ ಕಾಲೂ ಇಲ್ಲ. ಕಲ್ಲಿನ ಅಂಚಿನಿಂದ ಒಂದು ಹೆಜ್ಜೆ ಇಟ್ಟರೆ ಆಳುದ್ದ ನೀರು. ಅದು ನಿಲ್ಲುವುದೆಲ್ಲಿ? ನೀರುಕಾಗೆ ಮಾತ್ರ ಬರುತ್ತದೆ, ಅದಕ್ಕೆ ಮುಳುಗಲು ಗೊತ್ತು.

ಜೌಗನ್ನು ಉಳಿಸಲು ಕಾನೂನಿದೆಯಲ್ಲ ಎನ್ನುವವರಿಗೆ ಒಂದು ಮಾತು. 2017ರ ಜೌಗುಭೂಮಿ ನಿಯಮಗಳನ್ನು ಓದಿ ನೋಡಿ. ಅದರ ವ್ಯಾಖ್ಯೆಯಿಂದ ಭತ್ತದ ಗದ್ದೆಯನ್ನು, ನದಿಯ ಪಾತ್ರವನ್ನು, ಕುಡಿಯುವ ನೀರಿಗೂ ನೀರಾವರಿಗೂ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿದ್ದಾರೆ. ಉಡುಪಿ, ದಕ್ಷಿಣ ಕನ್ನಡ ಈ ನಮ್ಮ ಎರಡು ಜಿಲ್ಲೆಗಳಲ್ಲಿ ಹಕ್ಕಿ ಕಾಲಿಡುವ ಜಾಗದ ಬಹುಪಾಲು ಅಲ್ಲಿಗೇ ಮುಗಿಯಿತು. ಕಾಂಡ್ಲಾಕ್ಕೂ ಅಳಿವೆಯ ಕೆಸರಿಗೂ ಕರಾವಳಿ ನಿಯಂತ್ರಣ ವಲಯದ ರಕ್ಷಣೆಯಿದೆ, ಕಾಗದದ ಮೇಲೆ ಅದು ಗಟ್ಟಿಯೇ. ಬೈಲಿನ ಕೆರೆಗೆ ಊರಿನವರ ಬುದ್ಧಿಯೇ ಗತಿ. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಘನಾಶಿನಿ ಅಳಿವೆ, ಗದಗದ ಮಾಗಡಿ ಕೆರೆ, ಅಂಕಸಮುದ್ರ ಇವೆಲ್ಲ ಜಗತ್ತಿನ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದ ಸುದ್ದಿ ಬಂದಾಗ ನಾನೂ ಇಲ್ಲಿ ಸಂತೋಷದ ಪೋಸ್ಟ್ ಹಾಕಿದ್ದೆ. ಅಂಥ ಪಟ್ಟಿಗೆ ಸೇರುವ ಯೋಗ್ಯತೆ ನಮ್ಮೂರ ಕೆರೆಗಿಲ್ಲ, ಅದು ಬೇಕೂ ಇಲ್ಲ. ಒಂದು ಬದಿಯಲ್ಲಿ ಇಳಿಜಾರಾಗಿ ಹತ್ತು ಮಾರು ಕೆಸರು ಇದ್ದರೆ ಸಾಕು.

ಹನ್ನೆರಡಕ್ಕೆ ನೀರು ಏರತೊಡಗಿತು. ಕೆಸರು ಅಂಗೈಯಗಲವಾಗುವವರೆಗೂ ಪ್ಲೋವರ್‌ಗಳು ಓಡಾಡಿ, ಒಟ್ಟಿಗೆ ಎದ್ದು ಒಂದು ಸುತ್ತು ಹಾಕಿ ಮರಳದಿಬ್ಬದ ಮೇಲೆ ಕುಳಿತವು. ಕುಳಿತ ಮೇಲೆ ದುರ್ಬೀನಿಗೂ ಕಾಣಲಿಲ್ಲ, ಅಷ್ಟು ಮರಳಿನದೇ ಬಣ್ಣ. ಪುಸ್ತಕದಲ್ಲಿ ನಲವತ್ತು ಎಂದು ಬರೆದುಕೊಂಡೆ. ಅಕ್ಕ ಚೀಲ ತೊಳೆಯುತ್ತಾ ನನ್ನ ಕಾಲು ನೋಡಿ ನಕ್ಕರು, ಚಪ್ಪಲಿಯ ಸುದ್ದಿ ಎತ್ತಲಿಲ್ಲ.

ಕೆರೆಯ ಮೂಡು ಬದಿಗೆ ಇನ್ನೂ ಕಲ್ಲು ಕಟ್ಟಿಲ್ಲ, ದುಡ್ಡು ಸಾಲದೆ ನಿಂತಿದೆ. ಬರುವ ಭಾನುವಾರ ಸಮಿತಿಯ ಸಭೆ. ಅದನ್ನು ಹಾಗೆಯೇ ಬಿಡಿ ಎಂದು ಕೇಳಲು ಹೊರಟಿದ್ದೇನೆ. ಅಧ್ಯಕ್ಷರು ಹಳೆಯ ಫೈಲು ತೆಗೆದು, "ಇದು ನಿಮ್ಮದೇ ಅಕ್ಷರ ಅಲ್ಲವಾ ಮಾಷ್ಟ್ರೇ?" ಎಂದು ಕೇಳುತ್ತಾರೆ, ನನಗೆ ಗೊತ್ತು. ದುಂಡಗಿನ ಅಕ್ಷರ, ಎರಡು ಪುಟ, ಕೆಳಗೆ ನನ್ನ ಸಹಿ.